ದೊಡ್ಡಪತ್ರೆಯ ಘಾಟು ಮಾಡುವ ಕೆಲಸ

ದೊಡ್ಡಪತ್ರೆಯ ಎಲೆಯನ್ನು ಕೀಳದೆ, ಮುಟ್ಟದೆ, ಬಗ್ಗಿ ಮೂಸಿ ನೋಡಿ. ಪರಿಮಳ ಇದೆ, ಆದರೆ ಮಂದ. ಈಗ ಅದೇ ಎಲೆಯನ್ನು ಎರಡು ಬೆರಳುಗಳ ನಡುವೆ ಹಿಸುಕಿ. ಓಮದ ಕಾಳನ್ನು ಅಂಗೈಯಲ್ಲಿ ತಿಕ್ಕಿದಾಗಿನ ಘಾಟು ಥಟ್ಟನೆ ಮೂಗಿಗೇರುತ್ತದೆ. ಅಷ್ಟು ಹೊತ್ತು ಅದು ಎಲ್ಲಿತ್ತು? ಎಲೆಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಮೈತುಂಬ ಬಿಳಿ ನವಿರು ಕಾಣುತ್ತದೆ. ಅದರಲ್ಲಿ ಎರಡು ಬಗೆ ಇದೆ. ಒಂದು ಬರಿಯ ರೋಮ. ಇನ್ನೊಂದರ ತುದಿಯಲ್ಲಿ ಪುಟ್ಟ ಗ್ರಂಥಿ ಇರುತ್ತದೆ. ಅಲ್ಲಿನ ಜೀವಕೋಶಗಳು ಎಣ್ಣೆ ತಯಾರಿಸಿ, ಮೇಲಿನ ತೆಳುಪೊರೆಯ ಅಡಿಯಲ್ಲಿ ಕೂಡಿಡುತ್ತವೆ. ಹಿಸುಕಿದಾಗ ಆ ಪೊರೆ ಒಡೆಯುತ್ತದೆ, ಎಣ್ಣೆ ಹೊರಬಂದು ಗಾಳಿಗೆ ಸೇರುತ್ತದೆ. ಇದೇ ಕುಟುಂಬದ ತುಳಸಿ, ಪುದೀನ, ಕಾಮಕಸ್ತೂರಿಗಳಲ್ಲೂ ಇದೇ ಏರ್ಪಾಡು. ಎಲೆ ತಿನ್ನಲು ಬಂದ ಹುಳುವಿನ ಬಾಯಿಗೆ ಮೊದಲು ಸಿಗುವುದು ಈ ಎಣ್ಣೆಯೇ. ಗಿಡ ಇದನ್ನು ತಯಾರಿಸುವುದು ನಮ್ಮ ಕೆಮ್ಮಿಗಾಗಿ ಅಲ್ಲ. ಹುಳು, ಬೂಷ್ಟು, ಬ್ಯಾಕ್ಟೀರಿಯಾಗಳ ನಡುವೆ ತಾನು ಬದುಕಿಕೊಳ್ಳಲು.

ಕರ್ನಾಟಕದಲ್ಲಿ ಈ ಗಿಡಕ್ಕೆ ಪರಿಚಯ ಬೇಕಿಲ್ಲ. ಕೆಲವೆಡೆ ಸಾಂಬ್ರಾಣಿ ಸೊಪ್ಪು, ಕೆಲವೆಡೆ ಸಾಂಬಾರ ಸೊಪ್ಪು, ಬಯಲುಸೀಮೆಯಲ್ಲಿ ಹೆಚ್ಚಾಗಿ ದೊಡ್ಡಪತ್ರೆ. ಒಂದು ತುಂಡು ಕಡ್ಡಿ ಚುಚ್ಚಿದರೆ ಕುಂಡದಲ್ಲೂ ಬರುತ್ತದೆ. ಮಲೆನಾಡು, ಕರಾವಳಿಗಳಲ್ಲಿ ತಂಬುಳಿ. ಉಳಿದೆಡೆ ಬಜ್ಜಿ, ಚಟ್ನಿ, ಚಿತ್ರಾನ್ನ. ಮಗುವಿಗೆ ನೆಗಡಿಯಾದರೆ ಎಲೆ ಬಾಡಿಸಿ ಹಿಂಡಿದ ರಸ, ಮೈಮೇಲೆ ಪಿತ್ತದ ಗಂಧೆ ಎದ್ದರೆ ಉಜ್ಜಲು ಹಸಿ ಎಲೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಕೋಲಿಯಸ್ ಆಂಬೋಯಿನಿಕಸ್. ಈಗಿನ ವಿಯೆಟ್ನಾಮಿನ ಭಾಗವಾದ ಕೊಚಿಂಚೀನಾದಲ್ಲಿ ಬಹುಕಾಲ ಇದ್ದ ಪೋರ್ಚುಗೀಸ್ ಪಾದ್ರಿ ಜೊಆವ್ ದೆ ಲೊರೇರು 1790ರಲ್ಲಿ ಕೊಟ್ಟ ಹೆಸರು ಅದು. ನಡುವೆ ಬಹಳ ವರ್ಷ ಇದನ್ನು ಪ್ಲೆಕ್ಟ್ರಾಂತಸ್ ಎಂಬ ಕುಲಕ್ಕೆ ಸೇರಿಸಿದ್ದರು; ಇತ್ತೀಚೆಗೆ ವಂಶವಾಹಿಗಳ ಅಧ್ಯಯನದ ನಂತರ ಹಳೆಯ ಹೆಸರೇ ಮರಳಿದೆ. ಹಾಗಾಗಿ ಪುಸ್ತಕಗಳಲ್ಲಿ ಎರಡು ಹೆಸರು ಕಂಡರೆ ಗಲಿಬಿಲಿ ಬೇಡ, ಗಿಡ ಒಂದೇ.

ಇಂಥ ಗಿಡದ ವಿಷಯ ಬಂದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ಇದರಲ್ಲಿ ಬ್ಯಾಕ್ಟೀರಿಯಾ ನಿರೋಧಕ ಗುಣವಿದೆ, ಇದರಲ್ಲಿ ಆಂಟಿಆಕ್ಸಿಡೆಂಟ್ ಇದೆ ಎಂದು. ಎರಡೂ ನಿಜ. ಆದರೆ ಆ ಮಾತುಗಳಿಗೆ ಪ್ರಯೋಗಾಲಯದಲ್ಲಿ ಒಂದು ಖಚಿತವಾದ ಅರ್ಥವಿದೆ, ಅಡುಗೆಮನೆಗೆ ಬರುವಷ್ಟರಲ್ಲಿ ಆ ಅರ್ಥ ಊದಿಕೊಂಡು ಬೇರೇನೋ ಆಗಿರುತ್ತದೆ. ಈ ಗಿಡದ ಮೇಲೆ ಅಕ್ಕರೆ ಇರುವವರು ಅದು ನಿಜಕ್ಕೂ ಏನು ಮಾಡುತ್ತದೆಂದು ತಿಳಿದುಕೊಳ್ಳಬೇಕು ಎಂಬುದು ನನ್ನ ಆಸೆ. ರಸಾಯನಶಾಸ್ತ್ರ ಓದದವರಿಗೂ ಅರ್ಥವಾಗುವ ಹಾಗೆ ಒಂದೊಂದೇ ಹೆಜ್ಜೆ ಇಡೋಣ.

ಎಲೆಯ ಎಣ್ಣೆಯಲ್ಲಿ ಹಲವಾರು ವಸ್ತುಗಳಿವೆ. ಅವುಗಳಲ್ಲಿ ನೆನಪಿಡಬೇಕಾದವು ಎರಡು: ಕಾರ್ವಕ್ರಾಲ್ ಮತ್ತು ಥೈಮಾಲ್. ಎರಡರ ಅಣುವಿನಲ್ಲೂ 10 ಇಂಗಾಲ, 14 ಜಲಜನಕ, 1 ಆಮ್ಲಜನಕದ ಪರಮಾಣುಗಳು. ಆರು ಇಂಗಾಲಗಳ ಒಂದು ಉಂಗುರ, ಅದಕ್ಕೆ ಅಂಟಿಕೊಂಡ ಒಂದೆರಡು ಕವಲು, ಜೊತೆಗೆ ಒಂದು ಆಮ್ಲಜನಕ ಮತ್ತು ಒಂದು ಜಲಜನಕ ಸೇರಿದ ಹೈಡ್ರಾಕ್ಸಿಲ್ ಗುಂಪು. ಈ ಗುಂಪು ಉಂಗುರದ ಯಾವ ಮೂಲೆಯಲ್ಲಿ ಕುಳಿತಿದೆ ಎಂಬುದಷ್ಟೇ ಎರಡರ ನಡುವಿನ ವ್ಯತ್ಯಾಸ. ಆ ಸಣ್ಣ ವ್ಯತ್ಯಾಸಕ್ಕೇ ಥೈಮಾಲ್ ಕೋಣೆಯ ಉಷ್ಣತೆಯಲ್ಲಿ ಹರಳಾಗಿರುತ್ತದೆ, ಕಾರ್ವಕ್ರಾಲ್ ದ್ರವವಾಗಿರುತ್ತದೆ. ಓಮದ ಕಾಳಿನ ಘಾಟು ಥೈಮಾಲಿನದು. ಇಟಲಿ, ಗ್ರೀಸ್‌ಗಳ ಅಡುಗೆಯ ಓರೆಗಾನೊ ಎಲೆಯಲ್ಲಿ ಕಾರ್ವಕ್ರಾಲ್ ಹೆಚ್ಚು. ಕ್ಯೂಬಾದಲ್ಲಿ ಓರೆಗಾನೊ ಹಾಕಬೇಕಾದ ಕಡೆ ದೊಡ್ಡಪತ್ರೆಯನ್ನೇ ಹಾಕುತ್ತಾರೆ, ರುಚಿ ಹೊಂದುತ್ತದೆ. ಇನ್ನೊಂದು ಸಂಗತಿ: ಒಂದೊಂದು ಊರಿನ ದೊಡ್ಡಪತ್ರೆಯ ಎಣ್ಣೆ ಒಂದೊಂದು ಥರ. ಕೆಲವು ಗಿಡಗಳಲ್ಲಿ ಕಾರ್ವಕ್ರಾಲ್ ಮುಂದು, ಕೆಲವುಗಳಲ್ಲಿ ಥೈಮಾಲ್. ತಳಿ, ಮಣ್ಣು, ಋತು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ‘ದೊಡ್ಡಪತ್ರೆಯಲ್ಲಿ ಇಷ್ಟೇ ಪ್ರಮಾಣ ಇದೆ’ ಎಂದು ಯಾರಾದರೂ ಒಂದೇ ಅಂಕಿ ಹೇಳಿದರೆ, ಯಾವ ಗಿಡದ್ದು ಎಂದು ಕೇಳಿ.

ಥೈಮಾಲಿಗೆ ಔಷಧದ ಇತಿಹಾಸ ದೊಡ್ಡದು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕೊಕ್ಕೆಹುಳುವಿಗೆ ಅದನ್ನೇ ಔಷಧವಾಗಿ ಕೊಡುತ್ತಿದ್ದರು. ಬಾಯಿ ಮುಕ್ಕಳಿಸುವ ಲಿಸ್ಟರಿನ್‌ನಲ್ಲಿ ಅದು ಇಂದಿಗೂ ಇದೆ. ಜೇನುಗೂಡಿಗೆ ಬೀಳುವ ವರೋವಾ ನುಸಿಯನ್ನು ಓಡಿಸಲು ಜೇನು ಸಾಕುವವರು ಥೈಮಾಲಿನ ಆವಿ ಬಳಸುತ್ತಾರೆ. ಅಂದರೆ ನಾವು ಮಾತಾಡುತ್ತಿರುವುದು ಬರೀ ಅಜ್ಜಿಮದ್ದಿನ ವಸ್ತುವಿನ ಬಗ್ಗೆ ಅಲ್ಲ.

ಈಗ ಬ್ಯಾಕ್ಟೀರಿಯಾದ ಕಡೆ ಬರೋಣ. ಬ್ಯಾಕ್ಟೀರಿಯಾ ಎಂದರೆ ಒಂದೇ ಜೀವಕೋಶ. ಅದರ ಸುತ್ತ ಕೊಬ್ಬಿನಂಥ ಅಣುಗಳಿಂದಾದ ಒಂದು ಪೊರೆ. ಈ ಪೊರೆಯ ಒಳಗೂ ಹೊರಗೂ ಜಲಜನಕದ ಅಯಾನುಗಳು, ಅಂದರೆ ಪ್ರೋಟಾನುಗಳು, ಸಮನಾಗಿ ಇರುವುದಿಲ್ಲ. ಬ್ಯಾಕ್ಟೀರಿಯಾ ಅವನ್ನು ದುಡಿದು ಹೊರದಬ್ಬುತ್ತದೆ. ಅವು ಮರಳಿ ಒಳನುಗ್ಗುವ ರಭಸದಿಂದಲೇ ಅದಕ್ಕೆ ಬೇಕಾದ ಶಕ್ತಿ, ಎಟಿಪಿ ಎಂಬ ಅಣುವಿನ ರೂಪದಲ್ಲಿ, ತಯಾರಾಗುವುದು. ಈ ಏರುಪೇರು ಇಲ್ಲವಾದರೆ ಬದುಕೂ ಇಲ್ಲ.

ಕಾರ್ವಕ್ರಾಲ್‌ಗೆ ನೀರಿಗಿಂತ ಕೊಬ್ಬು ಬಹಳ ಇಷ್ಟ. ನೀರು ಮತ್ತು ಎಣ್ಣೆಯಂಥ ದ್ರಾವಕ ಎರಡನ್ನೂ ಒಟ್ಟಿಗೆ ಇಟ್ಟು ಅಳೆದರೆ, ಅದು ಎಣ್ಣೆಯ ಕಡೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಪಟ್ಟು ಸಾಂದ್ರವಾಗಿ ಸೇರಿಕೊಳ್ಳುತ್ತದೆ. ಹಾಗಾಗಿ ಬ್ಯಾಕ್ಟೀರಿಯಾ ಇರುವ ನೀರಿಗೆ ಕಾರ್ವಕ್ರಾಲ್ ಬಿದ್ದರೆ ಅದು ಹೋಗಿ ಕೂರುವುದು ಆ ಪೊರೆಯಲ್ಲೇ. ಅಲ್ಲಿ ಏನಾಗುತ್ತದೆ ಎಂಬುದನ್ನು ನೆದರ್ಲೆಂಡ್ಸ್‌ನ ವಿಜ್ಞಾನಿಗಳು 1999ರಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಮೇಲೆ ಪರೀಕ್ಷಿಸಿದರು. ಒಳಗಿದ್ದ ಪೊಟ್ಯಾಸಿಯಂ ಹೊರಗೆ ಸೋರಿತು, ಪೊರೆಯ ಎರಡೂ ಬದಿಯ ವಿದ್ಯುತ್ ವ್ಯತ್ಯಾಸ ಅಳಿಯಿತು, ಎಟಿಪಿ ಖಾಲಿಯಾಯಿತು.

ಅವರು ಅಲ್ಲಿಗೇ ನಿಲ್ಲಲಿಲ್ಲ. 2002ರಲ್ಲಿ ಬಂದ ಮುಂದಿನ ಅಧ್ಯಯನ ನನಗೆ ಇನ್ನೂ ಇಷ್ಟ. ಸೈಮೀನ್ ಎಂಬ ಇನ್ನೊಂದು ವಸ್ತು ಇದೆ. ಎಲ್ಲ ರೀತಿಯಲ್ಲೂ ಕಾರ್ವಕ್ರಾಲನ್ನೇ ಹೋಲುತ್ತದೆ, ಹೈಡ್ರಾಕ್ಸಿಲ್ ಗುಂಪು ಮಾತ್ರ ಇಲ್ಲ. ಅದು ಪೊರೆಯೊಳಗೆ ಕಾರ್ವಕ್ರಾಲ್‌ಗಿಂತ ಹೆಚ್ಚಾಗಿಯೇ ಸೇರಿಕೊಳ್ಳುತ್ತದೆ, ಪೊರೆಯನ್ನು ಇನ್ನೂ ಹೆಚ್ಚು ಉಬ್ಬಿಸುತ್ತದೆ. ಆದರೂ ಎಟಿಪಿ ಕರಗುವುದಿಲ್ಲ, ಬ್ಯಾಕ್ಟೀರಿಯಾ ಸೋಲುವುದಿಲ್ಲ. ಮೆಂಥಾಲ್‌ನಲ್ಲಿ ಹೈಡ್ರಾಕ್ಸಿಲ್ ಗುಂಪು ಇದೆ, ಆದರೆ ಕಾರ್ವಕ್ರಾಲ್‌ನಲ್ಲಿರುವಂಥ, ಎಲೆಕ್ಟ್ರಾನುಗಳು ಹರಡಿಕೊಂಡ ಉಂಗುರ ಇಲ್ಲ. ಅದಕ್ಕೂ ಕಾರ್ವಕ್ರಾಲ್‌ನ ಬಲ ಬರಲಿಲ್ಲ. ಎರಡೂ ಒಟ್ಟಿಗೆ ಬೇಕು ಎಂದಾಯಿತು. ಇದಕ್ಕೆ ಅವರು ಕೊಟ್ಟ ವಿವರಣೆ ಹೀಗೆ: ಕಾರ್ವಕ್ರಾಲ್ ಅಣು ಹೊಳೆ ದಾಟಿಸುವ ದೋಣಿಯ ಹಾಗೆ, ತನ್ನ ಹೈಡ್ರಾಕ್ಸಿಲ್ ಗುಂಪಿನ ಮೂಲಕ ಹೊರಗಿನ ಪ್ರೋಟಾನನ್ನು ಹತ್ತಿಸಿಕೊಂಡು ಪೊರೆಯ ಒಳಬದಿಗೆ ಇಳಿಸುತ್ತದೆ, ಮರಳುವಾಗ ಪೊಟ್ಯಾಸಿಯಂನಂಥ ಅಯಾನನ್ನು ಹೊರಗೆ ತರುತ್ತದೆ. ಬ್ಯಾಕ್ಟೀರಿಯಾ ದುಡಿದು ಕಟ್ಟಿಕೊಂಡ ಏರುಪೇರು ಹೀಗೆ ಸಮತಟ್ಟಾಗಿಬಿಡುತ್ತದೆ. ಗಿಡದ ಈ ಜಾಣತನವೆಲ್ಲ ಒಂದು ಆಮ್ಲಜನಕ, ಒಂದು ಜಲಜನಕದ ಮೇಲೆ ನಿಂತಿದೆ. ಆ ಜೋಡಿಯನ್ನು ಮರೆಯಬೇಡಿ, ಆಂಟಿಆಕ್ಸಿಡೆಂಟ್ ವಿಷಯದಲ್ಲೂ ಅದು ಬರುತ್ತದೆ.

ಬ್ಯಾಸಿಲಸ್ ಸೀರಿಯಸ್ ನಮ್ಮ ಅಡುಗೆಮನೆಗೆ ಹೊಸದಲ್ಲ. ಅಕ್ಕಿಯಲ್ಲಿರುವ ಅದರ ಬೀಜಕಣಗಳು ಅನ್ನ ಬೇಯುವಾಗಲೂ ಸಾಯುವುದಿಲ್ಲ. ಮಾಡಿದ ಅನ್ನವನ್ನು ಹೊರಗೇ ಬಿಟ್ಟರೆ ಮೊಳೆತು ಬೆಳೆದು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಆ ವಿಜ್ಞಾನಿಗಳೇ ಅನ್ನದ ಮೇಲೂ ಕಾರ್ವಕ್ರಾಲ್ ಪ್ರಯೋಗಿಸಿ ನೋಡಿದ್ದಾರೆ. ಹಾಗೆಂದು ತಂಗಳಿಗೆ ದೊಡ್ಡಪತ್ರೆ ಹಾಕಿದರೆ ಸುರಕ್ಷಿತ ಎಂದು ತಿಳಿಯಬೇಡಿ. ಅಲ್ಲಿ ಹಾಕಿದ್ದು ಶುದ್ಧ ಕಾರ್ವಕ್ರಾಲ್. ನಿಮ್ಮ ಕೈಲಿರುವುದು ಎಲೆ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯಲು ಪರೀಕ್ಷೆ ಹೇಗೆ ನಡೆಯುತ್ತದೆಂದು ನೋಡಬೇಕು. ಕಡಲಪಾಚಿಯಿಂದ ತೆಗೆದ ಅಗರ್ ಎಂಬ ಲೋಳೆಯನ್ನು ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ, ಅದರ ಮೇಲೆ ಬ್ಯಾಕ್ಟೀರಿಯಾ ಸವರುತ್ತಾರೆ. ಸಾರ ಅಥವಾ ಎಣ್ಣೆಯಲ್ಲಿ ಅದ್ದಿದ 6 ಮಿಲಿಮೀಟರಿನ ಕಾಗದದ ಬಿಲ್ಲೆಯನ್ನು ನಡುವೆ ಇಟ್ಟು, ಸುಮಾರು 37 ಡಿಗ್ರಿ ಶಾಖದಲ್ಲಿ ರಾತ್ರಿಯಿಡೀ ಬಿಡುತ್ತಾರೆ. ಬೆಳಗ್ಗೆ ತಟ್ಟೆಯೆಲ್ಲ ಮಸುಕಾಗಿ ಬ್ಯಾಕ್ಟೀರಿಯಾ ಬೆಳೆದಿದ್ದು, ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ವೃತ್ತ ಉಳಿದಿದ್ದರೆ, ನಿರೋಧಕ ಗುಣ ಇದೆ ಎಂದರ್ಥ. ದೊಡ್ಡಪತ್ರೆಯ ಎಣ್ಣೆ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಆದರೆ ವೃತ್ತದ ಅಗಲವನ್ನು ಮಾತ್ರ ನಂಬಬಾರದು. ಅಗರ್‌ನಲ್ಲಿ ಬಹುಪಾಲು ನೀರೇ, ಎಣ್ಣೆ ಅದರಲ್ಲಿ ಸರಿಯಾಗಿ ಹರಡದು. ಜೊತೆಗೆ ಆವಿಯಾಗಿಯೂ ಹೋಗುತ್ತದೆ. ಆದ್ದರಿಂದ ಬೆಳವಣಿಗೆ ನಿಲ್ಲಿಸಲು ಕನಿಷ್ಠ ಎಷ್ಟು ಬೇಕು ಎಂದು ದ್ರವದಲ್ಲಿ ಹಂತಹಂತವಾಗಿ ತೆಳುಮಾಡಿ ಅಳೆಯುವುದು ಹೆಚ್ಚು ಭರವಸೆಯ ದಾರಿ.

ಹಾಗೆ ಅಳೆದಾಗ, ಚರ್ಮದ ಮೇಲೆ ಸಾಮಾನ್ಯವಾಗಿ ಕಾಣುವ ಸ್ಟಫೈಲೋಕಾಕಸ್ ಆರಿಯಸ್ ಬ್ಯಾಕ್ಟೀರಿಯಾ ತಡೆಯಲು ಒಂದು ಮಿಲಿಲೀಟರ್ ದ್ರವದಲ್ಲಿ ಕಾರ್ವಕ್ರಾಲ್ ನೂರಾರು ಮೈಕ್ರೋಗ್ರಾಂ ಬೇಕಾಗುತ್ತದೆ. ಪೆನಿಸಿಲಿನ್‌ಗೆ ಮಣಿಯುವ ಅದೇ ಬ್ಯಾಕ್ಟೀರಿಯಾಕ್ಕೆ ಪೆನಿಸಿಲಿನ್ 0.12 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಸಾಕು. ಸಾವಿರ ಪಟ್ಟಿಗೂ ಮೀರಿದ ಅಂತರ. ಹಸಿ ಎಲೆಯ ತೂಕದಲ್ಲಿ ಎಣ್ಣೆ ಸಾಮಾನ್ಯವಾಗಿ ಶೇಕಡ ಒಂದರಷ್ಟೂ ಇರುವುದಿಲ್ಲ ಎಂಬುದನ್ನೂ ಸೇರಿಸಿ ನೋಡಿ. ಎಲ್ಲ ಬ್ಯಾಕ್ಟೀರಿಯಾಗಳೂ ಒಂದೇ ಸಮನೆ ಮಣಿಯುವುದೂ ಇಲ್ಲ. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಪ್ರಕಟಿಸಿದ ಬಣ್ಣದ ಪರೀಕ್ಷೆಯಿಂದ ಅವು ಎರಡು ಪಂಗಡವಾಗುತ್ತವೆ. ಗ್ರಾಮ್ ನೆಗೆಟಿವ್ ಪಂಗಡದವಕ್ಕೆ ಹೊರಗೆ ಇನ್ನೊಂದು ಪೊರೆ ಇರುತ್ತದೆ, ಎಣ್ಣೆಗೆ ಅದು ಅಡ್ಡಿ. ಆಸ್ಪತ್ರೆಗಳಲ್ಲಿ ಕಾಡುವ ಸ್ಯೂಡೊಮೊನಾಸ್ ಅಂತೂ ಒಳಬಂದದ್ದನ್ನೂ ಹೊರಗೆ ಪಂಪು ಮಾಡಿ ಎಸೆಯುತ್ತದೆ.

ಇನ್ನು ನುಂಗಿದ ಮೇಲಿನ ಕತೆ. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಮತ್ತು ಎಣ್ಣೆ ರಾತ್ರಿಯಿಡೀ ಮುಖಾಮುಖಿ ಇರುತ್ತವೆ. ಮೈಯೊಳಗೆ ಹಾಗಲ್ಲ. ಕರುಳಿನ ಗೋಡೆ ಮತ್ತು ಯಕೃತ್ತು ಥೈಮಾಲಿನ ಆ ಹೈಡ್ರಾಕ್ಸಿಲ್ ಗುಂಪಿಗೇ ಸಲ್ಫೇಟನ್ನೋ ಗ್ಲುಕುರೊನಿಕ್ ಆಮ್ಲವನ್ನೋ ಜೋಡಿಸಿ, ಮೂತ್ರದಲ್ಲಿ ಹೋಗುವಂತೆ ಮಾಡುತ್ತವೆ. ಥೈಮಾಲ್ ಇರುವ ಮಾತ್ರೆ ನುಂಗಿದ ಆರೋಗ್ಯವಂತರ ರಕ್ತ ಪರೀಕ್ಷಿಸಿದಾಗ ಸಿಕ್ಕಿದ್ದು ಥೈಮಾಲ್ ಸಲ್ಫೇಟ್. ಬಿಡಿ ಥೈಮಾಲ್ ಸಿಗಲೇ ಇಲ್ಲ. ಎರಡು ಎಲೆ ಅಗಿದರೆ ಶ್ವಾಸಕೋಶದ ಸೋಂಕು ಹೋಗುತ್ತದೆ ಎಂಬ ಮಾತಿಗೆ ಇಲ್ಲಿ ನೆಲೆ ತಪ್ಪುತ್ತದೆ. ಬಾಯಿ, ಗಂಟಲು, ಚರ್ಮದಂಥ ಎಣ್ಣೆ ನೇರವಾಗಿ ತಗಲುವ ಜಾಗಗಳ ವಿಚಾರ ಬೇರೆ. ಅಲ್ಲಿ ಅದಕ್ಕೆ ಸ್ವಲ್ಪ ಹೊತ್ತಾದರೂ ಕೆಲಸ ಮಾಡಲು ಅವಕಾಶವಿದೆ.

ಹಾಗಾದರೆ ನೆಗಡಿಯಲ್ಲಿ ದೊಡ್ಡಪತ್ರೆ ರಸ ಕುಡಿದಾಗ ಹಿತವಾಗುವುದು ಸುಳ್ಳೇ? ಖಂಡಿತ ಅಲ್ಲ, ಮತ್ತು ಅದರ ಕಾರಣವೂ ಅಷ್ಟೇ ಸೊಗಸಾದುದು. ನಮ್ಮ ಚರ್ಮ, ಬಾಯಿ, ಮೂಗುಗಳಲ್ಲಿ ಬೆಚ್ಚಗಿನ ಶಾಖವನ್ನು ಗುರುತಿಸುವ ಟಿಆರ್‌ಪಿವಿ3 ಎಂಬ ಪ್ರೋಟೀನ್ ಇದೆ. ಕಾರ್ವಕ್ರಾಲ್ ಮತ್ತು ಥೈಮಾಲ್ ಅದನ್ನು ಶಾಖವಿಲ್ಲದೆಯೇ ಎಚ್ಚರಿಸುತ್ತವೆ. ತಣ್ಣಗಿನ ತಂಬುಳಿ ಕುಡಿದರೂ ಗಂಟಲು ಬೆಚ್ಚಗಾದಂತೆ ಅನ್ನಿಸುವುದಕ್ಕೆ ಇದೊಂದು ಕಾರಣ. ಇದೇ ಬಳಗದ ಪ್ರೋಟೀನುಗಳನ್ನು ಕಂಡುಹಿಡಿದ ಕೆಲಸಕ್ಕೆ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಅವರು ಹೊರಟದ್ದು ಮೆಣಸಿನಕಾಯಿಯ ಖಾರದಿಂದ. ನೆಗಡಿ ಬಹುಪಾಲು ವೈರಸ್‌ನಿಂದ ಬರುತ್ತದೆ, ಆಂಟಿಬಯೋಟಿಕ್‌ಗೆ ಅಲ್ಲಿ ಕೆಲಸವೇ ಇಲ್ಲ. ಅಂಗಡಿಯಿಂದ ತಂದ ನಾಲ್ಕು ಆಂಟಿಬಯೋಟಿಕ್ ಮಾತ್ರೆ ನುಂಗಿ ಬ್ಯಾಕ್ಟೀರಿಯಾಗಳಿಗೆ ಪ್ರತಿರೋಧ ಕಲಿಸುವುದಕ್ಕಿಂತ, ಮೈ ತಾನಾಗಿ ಗೆಲ್ಲುವವರೆಗೆ ಬಿಸಿನೀರು, ದೊಡ್ಡಪತ್ರೆ, ವಿಶ್ರಾಂತಿಗಳ ಹಿತದಲ್ಲಿ ಇರುವುದು ಎಷ್ಟೋ ವಿವೇಕದ ಕೆಲಸ ಎಂದು ನಾನು ನಂಬುತ್ತೇನೆ.

ಈಗ ಆಂಟಿಆಕ್ಸಿಡೆಂಟ್. ಅಣುಗಳಲ್ಲಿ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಜೋಡಿಯಾಗಿರುತ್ತವೆ. ಜೋಡಿ ತಪ್ಪಿದ ಒಂಟಿ ಎಲೆಕ್ಟ್ರಾನ್ ಇರುವ ಅಣುವನ್ನು ಫ್ರೀ ರ್‍ಯಾಡಿಕಲ್ ಎನ್ನುತ್ತಾರೆ. ಅದಕ್ಕೆ ನೆಮ್ಮದಿ ಇಲ್ಲ. ಪಕ್ಕದ ಅಣುವಿನಿಂದ ಜಲಜನಕವೊಂದನ್ನು ಕಸಿಯುತ್ತದೆ, ಆಗ ಪಕ್ಕದ್ದು ರ್‍ಯಾಡಿಕಲ್ ಆಗುತ್ತದೆ, ಅದು ಮತ್ತೊಂದರಿಂದ ಕಸಿಯುತ್ತದೆ. ಡಬ್ಬಿಯಲ್ಲಿಟ್ಟ ಚಕ್ಕುಲಿ ಕೆಲವು ವಾರಗಳಲ್ಲಿ ಕಮಟು ಹಿಡಿಯುವುದು ಎಣ್ಣೆಯಲ್ಲಿ ಈ ಸರಪಳಿ ಓಡುವುದರಿಂದಲೇ. ಸರಪಳಿಯ ನಡುವೆ ಕಾರ್ವಕ್ರಾಲಿನಂಥ ಅಣು ಸಿಕ್ಕರೆ, ಅದು ತನ್ನ ಹೈಡ್ರಾಕ್ಸಿಲ್ ಗುಂಪಿನ ಜಲಜನಕವನ್ನು ಸುಲಭವಾಗಿ ಕೊಟ್ಟುಬಿಡುತ್ತದೆ. ಕೊಟ್ಟ ಮೇಲೆ ಅದೂ ರ್‍ಯಾಡಿಕಲ್ಲೇ, ಆದರೆ ಉಳಿದ ಒಂಟಿ ಎಲೆಕ್ಟ್ರಾನ್ ಉಂಗುರದ ತುಂಬ ಹರಡಿಕೊಳ್ಳುವುದರಿಂದ ಅದಕ್ಕೆ ಕಸಿಯುವ ಆತುರ ಇಲ್ಲ. ಸರಪಳಿ ಅಲ್ಲಿಗೆ ತುಂಡಾಗುತ್ತದೆ. ಹೀಗೆ ಸರಪಳಿ ಕಡಿಯುವ ವಸ್ತುವೇ ಆಂಟಿಆಕ್ಸಿಡೆಂಟ್. ಬ್ಯಾಕ್ಟೀರಿಯಾದ ಪೊರೆಯಲ್ಲಿ ಪ್ರೋಟಾನ್ ಸಾಗಿಸಿದ್ದೂ ಇದೇ ಗುಂಪು, ಇಲ್ಲಿ ಜಲಜನಕ ಬಿಟ್ಟುಕೊಟ್ಟದ್ದೂ ಇದೇ ಗುಂಪು.

ದೊಡ್ಡಪತ್ರೆಯಲ್ಲಿ ಈ ಕೆಲಸಕ್ಕೆ ಇನ್ನೂ ಸಮರ್ಥವಾದ ವಸ್ತು ರೋಸ್‌ಮರಿನಿಕ್ ಆಮ್ಲ. ಅದರಲ್ಲಿ ಅಂಥ ಎರಡು ಉಂಗುರ, ಒಂದೊಂದರ ಮೇಲೂ ಪಕ್ಕಪಕ್ಕದಲ್ಲಿ ಎರಡೆರಡು ಹೈಡ್ರಾಕ್ಸಿಲ್ ಗುಂಪು. ಪರಿಮಳ ಇಲ್ಲ, ನೀರಿನಲ್ಲಿ ಕರಗುತ್ತದೆ. ಆಂಟಿಆಕ್ಸಿಡೆಂಟ್ ಬಲವನ್ನು ಅಳೆಯುವ ಪರೀಕ್ಷೆ ಕಣ್ಣಿಗೆ ಹಬ್ಬ. ಡಿಪಿಪಿಎಚ್ ಎಂಬ ಸ್ಥಿರವಾದ ರ್‍ಯಾಡಿಕಲ್‌ನ ದ್ರಾವಣ ಕಡು ನೇರಳೆ. ಎಲೆಯ ಸಾರ ಹಾಕಿದರೆ ಅದು ಜಲಜನಕ ಪಡೆದು ಹಳದಿಗೆ ತಿರುಗುತ್ತದೆ. ಎಷ್ಟು ತಿರುಗಿತೆಂದು 517 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. 1958ರಲ್ಲಿ ಮಾರ್ಸ್‌ಡನ್ ಬ್ಲಾಯ್ಸ್ ಬಳಕೆಗೆ ತಂದ ಈ ವಿಧಾನ ಇಂದು ಸಸ್ಯಗಳ ಮೇಲಿನ ಲೆಕ್ಕವಿಲ್ಲದಷ್ಟು ಪ್ರಬಂಧಗಳಲ್ಲಿದೆ.

ಬಣ್ಣ ಬದಲಾದದ್ದು ಗಾಜಿನ ನಳಿಕೆಯಲ್ಲಿ, ಅದೂ ಸಾಮಾನ್ಯವಾಗಿ ಮೆಥನಾಲ್‌ನಲ್ಲಿ. ಅದರಿಂದ ಮುಪ್ಪು ತಡೆಯುತ್ತದೆ, ಕ್ಯಾನ್ಸರ್ ತಡೆಯುತ್ತದೆ ಎಂದು ಹಾರಬಾರದು. ರೋಗಾಣುವನ್ನು ನುಂಗಿದ ಬಿಳಿ ರಕ್ತಕಣ ಅದನ್ನು ಕೊಲ್ಲಲು ಬಳಸುವುದೇ ಇಂಥ ರ್‍ಯಾಡಿಕಲ್‌ಗಳನ್ನು, ಎಲ್ಲವೂ ಶತ್ರುವಲ್ಲ. ಆಹಾರಗಳ ಆಂಟಿಆಕ್ಸಿಡೆಂಟ್ ಬಲವನ್ನು ಓರಾಕ್ ಎಂಬ ಅಂಕಿಯಲ್ಲಿ ಪಟ್ಟಿ ಮಾಡಿದ್ದ ಅಮೆರಿಕದ ಕೃಷಿ ಇಲಾಖೆ, ಆ ಅಂಕಿಗಳಿಗೂ ಮನುಷ್ಯನ ಆರೋಗ್ಯಕ್ಕೂ ಸಂಬಂಧ ತೋರಿಸಲಾಗದೆಂದು 2012ರಲ್ಲಿ ಪಟ್ಟಿಯನ್ನೇ ಹಿಂತೆಗೆದುಕೊಂಡಿತು. ಅದಕ್ಕೂ ಮೊದಲು, 1994ರಲ್ಲಿ, ಫಿನ್ಲೆಂಡಿನ 29,133 ಧೂಮಪಾನಿ ಗಂಡಸರ ಮೇಲಿನ ಪ್ರಯೋಗದ ಫಲಿತಾಂಶ ಬಂದಿತ್ತು: ಬೀಟಾ ಕ್ಯಾರೊಟೀನ್ ಎಂಬ ಆಂಟಿಆಕ್ಸಿಡೆಂಟ್ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇಕಡ 18ರಷ್ಟು ಹೆಚ್ಚಿತ್ತು. ಸೊಪ್ಪು ತಿನ್ನುವುದು ಬೇರೆ, ಸೊಪ್ಪಿನಿಂದ ಒಂದು ವಸ್ತುವನ್ನು ಹಿಂಡಿ ಮಾತ್ರೆ ಮಾಡಿ ನುಂಗುವುದು ಬೇರೆ.

ಅಡುಗೆಯ ಕಡೆಯಿಂದ ನೋಡಿದರೆ ಇದೆಲ್ಲ ಉಪಯೋಗಕ್ಕೆ ಬರುತ್ತದೆ. ಕಾರ್ವಕ್ರಾಲ್‌ನ ಕುದಿಬಿಂದು 230 ಡಿಗ್ರಿಗೂ ಮೇಲೆ, ಆದರೂ ನೀರಿನ ಹಬೆಯ ಜೊತೆ ಅದು ಹಾರಿಹೋಗುತ್ತದೆ. ಎಲೆಯನ್ನು ತೆರೆದ ಪಾತ್ರೆಯಲ್ಲಿ ಬಹಳ ಹೊತ್ತು ಕುದಿಸಿದರೆ ಮನೆಯೆಲ್ಲ ಘಮಘಮ, ಕಷಾಯದಲ್ಲಿ ಘಾಟು ಅಲ್ಪ. ರೋಸ್‌ಮರಿನಿಕ್ ಆಮ್ಲ ಮಾತ್ರ ನೀರಲ್ಲಿ ಉಳಿಯುತ್ತದೆ. ಎಣ್ಣೆಯ ಅಂಶ ಬೇಕಿದ್ದರೆ ಒಲೆ ಆರಿಸಿ, ಎಲೆ ಹಾಕಿ, ಮುಚ್ಚಳ ಮುಚ್ಚಿ ಬಿಡಿ. ತಂಬುಳಿಗೆ ಎಲೆಯನ್ನು ಜೀರಿಗೆ, ಮೆಣಸಿನ ಕಾಳಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿ ಸೇರಿಸಿ ರುಬ್ಬಿ, ಮಜ್ಜಿಗೆಗೆ ಕಲಸುವ ಪದ್ಧತಿಯನ್ನು ಯೋಚಿಸಿ ನೋಡಿ. ಕೊಬ್ಬನ್ನು ಅಷ್ಟೊಂದು ಮೆಚ್ಚುವ ಕಾರ್ವಕ್ರಾಲ್ ಬಾಣಲೆಯ ತುಪ್ಪಕ್ಕೆ, ಆಮೇಲೆ ಕಾಯಿಯ ಎಣ್ಣೆಗೆ ಸೇರಿ ತಟ್ಟೆಯವರೆಗೂ ಬರುತ್ತದೆ. ಈ ಎಲೆಯನ್ನು ತಿನ್ನಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಸೊಪ್ಪಾಗಿ ತಿನ್ನುವಷ್ಟಕ್ಕೆ ಹೆದರಬೇಕಾದ್ದಿಲ್ಲ. ಬಾಟಲಿಯಲ್ಲಿ ಬರುವ ಸಾಂದ್ರ ಎಣ್ಣೆಯನ್ನು ಮಾತ್ರ ನುಂಗಬೇಡಿ, ನೇರವಾಗಿ ಚರ್ಮಕ್ಕೂ ಹಚ್ಚಬೇಡಿ. ಬ್ಯಾಕ್ಟೀರಿಯಾದ ಪೊರೆಯನ್ನು ಕೆಡಿಸುವ ವಸ್ತು ನಮ್ಮ ಜೀವಕೋಶದ ಪೊರೆಯನ್ನೂ ಬಿಡುವುದಿಲ್ಲ. ಗಂಧೆಗೆ ಎಲೆ ಉಜ್ಜುವವರು ಮೊದಲು ಮುಂಗೈಯ ಒಂದು ಕಡೆ ಹಚ್ಚಿ ನೋಡಿ, ಉರಿ ಹೆಚ್ಚಾದರೆ ತೊಳೆದುಬಿಡಿ. ಗಂಧೆಯ ಜೊತೆ ತುಟಿ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ ಎಲೆ ಹುಡುಕುತ್ತ ನಿಲ್ಲದೆ ಆಸ್ಪತ್ರೆಗೆ ಓಡಬೇಕು. ಒಂದು ವರ್ಷ ತುಂಬದ ಮಗುವಿಗೆ ರಸದ ಜೊತೆ ಜೇನುತುಪ್ಪ ಬೆರೆಸಿ ಕೊಡುವ ರೂಢಿಯನ್ನು ಬಿಡಲೇಬೇಕು. ಜೇನಿನಲ್ಲಿ ಬೊಟುಲಿಸಂ ತರುವ ಬೀಜಕಣಗಳಿರಬಹುದು, ಎಳೆಯ ಕರುಳಿಗೆ ಅವನ್ನು ತಡೆಯುವ ಶಕ್ತಿ ಇರುವುದಿಲ್ಲ. ಎಳೆಗೂಸಿಗೆ ಉಸಿರಾಟ ಜೋರಾದರೆ, ಪಕ್ಕೆ ಒಳಗೆ ಸೆಳೆದುಕೊಳ್ಳತೊಡಗಿದರೆ ಯಾವ ರಸಕ್ಕೂ ಕಾಯಬೇಡಿ. ದೊಡ್ಡವರಲ್ಲಿ ಕೆಮ್ಮು ಎರಡು ವಾರ ದಾಟಿದರೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಮಾಡಿಸಬೇಕು, ಅಲ್ಲಿ ಅದಕ್ಕೆ ಹಣ ಕೊಡಬೇಕಾಗಿಲ್ಲ. ಆ ಕೆಮ್ಮು ಕ್ಷಯದ್ದಾಗಿದ್ದರೆ, ಅದರ ಬ್ಯಾಕ್ಟೀರಿಯಾಕ್ಕೆ ತಿಂಗಳುಗಟ್ಟಲೆ ಹಲವು ಔಷಧಿಗಳು ಒಟ್ಟಿಗೆ ಬೇಕು.